ಸಿನಿಮಾದ ಬೌಂಟಿ ಹಂಟರ್ ಇರ್ಲಿ, ನಿಮ್ಮ ಪೇಪರಿನ ತಲಿ ರೇಟಿನ ಬಗ್ಗೆ ಎರಡು ಮಾತು

ಸಂಪಾದಕರಿಗೆ ನಮಸ್ಕಾರ ರೀ,

ಹೋದ ಐತ್ವಾರದ ಪುರವಣಿಯಾಗ ಬೌಂಟಿ ಹಂಟರ್ (ಇನಾಮಿನ ರೊಕ್ಕಕ್ಕ ಓಡಿಹೋದವರನ್ನ ಹಿಡಿಯಾಂವ) ಸಿನಿಮಾಗಳ ಮ್ಯಾಲ ಪೂರಾ ಒಂದು ಪೇಜ್ ಬಂದಿತ್ತು, ಓದಿದೆ, ಫೋಟೋ ಛಲೋ ಇದ್ದವು, ಬರೆದವರಿಗೆ ಸಿನಿಮಾ ಹುಚ್ಚು ಬಾಳ ಅದ ಅನ್ನೋದೂ ಗೊತ್ತಾತು. ಟೋಪಿ, ಕುದುರಿ, ಬಾಯಾಗ ಚುಟ್ಟ, ಗ್ವಾಡಿ ಮ್ಯಾಲ ವಾಂಟೆಡ್ ಪೋಸ್ಟರ್ ಎಲ್ಲಾ ಬಂತು. ಆದ್ರ ರೊಕ್ಕದ ಸಲುವಾಗಿ ಮನುಷ್ಯಾನ್ನ ಹಿಡ್ಕೊಟ್ಟವರು ಖರೇ ಇತಿಹಾಸದಾಗ ಯಾರಿದ್ರು ಅನ್ನೋದು ಮಾತ್ರ ಎಲ್ಲೂ ಬರ್ಲಿಲ್ಲ. ದೂರದಿಂದ ಕುದುರಿ ಮ್ಯಾಲ ಬಂದವರು ಕಮ್ಮಿ ರೀ, ಬಗಲಾಗ ಕುಂತು ಉಂಡವರೇ ಜಾಸ್ತಿ. ಮತ್ತ ಅದೇ ದಿನದ ಪೇಪರಿನ ಒಳಗ, ಯಾರೋ ಒಬ್ಬ ಲೀಡರ್ ಇನ್ನೊಬ್ಬರ ನಾಲಿಗಿ ಕೊಯ್ದು ತಂದವರಿಗೆ ಇಷ್ಟು ಲಕ್ಷ ಕೊಡ್ತೀನಿ ಅಂದ ಸುದ್ದಿ, ಲಕ್ಷದ ಅಂಕಿ ದಪ್ಪ ಅಕ್ಷರದಾಗ! ಪುರವಣಿಯವರು ಬೌಂಟಿ ಅಂದ್ರ ಅಮೆರಿಕಾದ ಹಳಿ ಕಾಲದ ಕಥಿ ಅಂತ ತಿಳ್ಕೊಂಡಾರ, ಇತ್ತ ಒಳಪುಟದಾಗ ನೀವೇ ಪೋಸ್ಟರ್ ಹಚ್ಲಿಕತ್ತೀರಿ.

ನಾನು ಕಲಬುರಗಿಯಾಗ ಕೋರ್ಟ್ ಬಗಲಾಗ ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಕೊಂಡಾಂವ, ಮೂಲ ಊರು ಸುರಪುರ. ದಿನಾ ಜಾಮೀನು ಬಾಂಡು, ಅಫಿಡವಿಟ್ಟು ಟೈಪ್ ಮಾಡೋದೇ ನನ್ನ ಕೆಲಸ, ರಾತ್ರಿ ಫೋನ್‌ನಾಗ ಹಳಿ ಇಂಗ್ಲಿಷ್ ಪಿಕ್ಚರ್ ನೋಡೋದು ನನ್ನ ಚಟ. ಹಂಗಾಗಿ ಈ ವಿಷಯದಾಗ ಎರಡೂ ಕಡಿಂದ ಮಾತಾಡ್ಲಿಕ್ಕೆ ಒಂದಿಷ್ಟು ಹಕ್ಕು ಅದ ಅಂತ ತಿಳ್ಕೊಂಡೀನಿ.

ಮೊದ್ಲ ಸಿನಿಮಾನೇ ನೋಡ್ರಿ. ರೊಕ್ಕಕ್ಕಾಗಿ ಮಂದೀನ್ನ ಹೊಡಿಯಾಂವನ್ನ ಹೀರೋ ಮಾಡ್ಲಿಕ್ಕೆ ಸಿನಿಮಾದವರಿಗೂ ಒಳಗಿಂದ ನಾಚಿಕಿ ಅದ, ಅದಕ್ಕ ಕೊನೀಗೆ ಅವನ ಕೈಲೆ ರೊಕ್ಕ ಬಿಡಿಸೇ ಬಿಡಿಸ್ತಾರ. 1965ರಾಗ ಸರ್ಜಿಯೊ ಲಿಯೋನಿ ಮಾಡಿದ ‘ಫಾರ್ ಎ ಫ್ಯೂ ಡಾಲರ್ಸ್ ಮೋರ್’ ತಗೋರಿ, ಅದರಾಗ ಇಬ್ಬರು ಬೌಂಟಿ ಹಂಟರ್, ಒಬ್ಬ ಕ್ಲಿಂಟ್ ಈಸ್ಟ್‌ವುಡ್, ಇನ್ನೊಬ್ಬ ವಯಸ್ಸಾದ ಕರ್ನಲ್ ಆಗಿ ಲೀ ವ್ಯಾನ್ ಕ್ಲೀಫ್. ಪೂರಾ ಗ್ಯಾಂಗ್ ಸತ್ತ ಮ್ಯಾಲ ಕರ್ನಲ್ ತನ್ನ ಪಾಲು ತಗೊಳ್ಳಂಗೇ ಇಲ್ಲ, ಅವ ಬಂದಿದ್ದು ತಂಗಿ ಸಾವಿನ ಸೇಡಿಗೆ. ಈಸ್ಟ್‌ವುಡ್ ಮಾತ್ರ ಹೆಣಗಳನ್ನ ಗಾಡ್ಯಾಗ ಹೇರ್ಕೋತ ಒಬ್ಬೊಬ್ಬನ ರೇಟು ಎಣಿಸ್ತಾನ, ಟೋಟಲ್ ಕೂಡಂಗಿಲ್ಲ, ಆವಾಗ ಗೊತ್ತಾಗ್ತದ ಅಂವಗ, ಇನ್ನೊಬ್ಬ ಜೀವಂತ ಹಿಂದ ನಿಂತಾನ ಅಂತ, ತಿರುಗಿ ಹೊಡಿತಾನ, ಲೆಕ್ಕ ಚುಕ್ತಾ. ನನಗ ಇಡೀ ಪಿಕ್ಚರ್‌ನಾಗ ಖರೆ ಅನಿಸಿದ್ದು ಆ ಒಂದು ಸೀನ್. ಧಂದಾ ಅಂದ್ರ ಹಂಗೇ ಇರ್ತದ, ಲೆಕ್ಕ ತಪ್ಪಬಾರ್ದು.

2012ರ ‘ಜಾಂಗೋ ಅನ್‌ಚೈನ್ಡ್’ದಾಗ ಹಲ್ಲಿನ ಡಾಕ್ಟರ್ ಆಗಿದ್ದ ಜರ್ಮನ್ ಮನುಷ್ಯ ಬೌಂಟಿ ಹಂಟರ್ ಆಗ್ಯಾನ, ಹೆಣ ಕೆಡವಿ ಮ್ಯಾಲ ವಾರಂಟ್ ತಗದು ಓದಿ ತೋರಿಸ್ತಾನ, ಅಂವನೂ ಕಡೀಗೆ ರೊಕ್ಕದ ಮಾತು ಬಿಟ್ಟು ಒಬ್ಬ ಕೆಟ್ಟ ಮನುಷ್ಯಾನ ಕೈ ಕುಲುಕ್ಲಿಕ್ಕೆ ಮನಸಾಗ್ದೆ ಜೀವ ಕಳ್ಕೊತಾನ. 2019ರಾಗ ಶುರುವಾದ ‘ಮ್ಯಾಂಡಲೋರಿಯನ್’ ಸೀರೀಸ್‌ನಾಗೂ ಇದೇ, ಕೂಸಿನ್ನ ಒಪ್ಪಿಸಿ ಇನಾಮು ತಗೊಂಡಾಂವ ಮನಸು ತಡೀಲಾರ್ದೆ ತಿರುಗಿ ಹೋಗಿ ಕೂಸಿನ್ನ ಬಿಡಿಸ್ಕೊಂಡು ಬರ್ತಾನ. ನಮ್ಮ ‘ಶೋಲೆ’ದಾಗ ಸರ್ಕಾರ ನನ್ನ ತಲಿಗೆ ಎಷ್ಟು ಇಟ್ಟದ ಅಂತ ಗಬ್ಬರ್ ತನ್ನ ಮಂದೀಗೆ ಕೇಳ್ತಾನ, 50 ಸಾವಿರ ಅಂತ ಹೇಳಿಸ್ಕೊಂಡು ಎದಿ ಉಬ್ಬಿಸ್ತಾನ, 1975ರ 50 ಸಾವಿರ ರೀ ಅದು, ರಾಮನಗರದ ಬಂಡಿ ಮ್ಯಾಲ ಕುಂತು. ಆಮ್ಯಾಲ ಜೈ ಸಾಯ್ತಾನ, ವೀರು ಬಸಂತಿ ಜೋಡಿ ರೈಲ್ವೆ ಹತ್ತಿ ಹೋಗ್ತಾನ, ಆ 50 ಸಾವಿರ ಯಾರ ಕಿಸೇಕ್ಕ ಹೋತು ಅಂತ ಇಷ್ಟು ವರ್ಷ ಆದ್ರೂ ಯಾರೂ ಕೇಳಿಲ್ಲ. ಕೇಳಬಾರ್ದು ಅಂತಲೇ ಹಂಗ ಬರ್ದಿರ್ತಾರ.

ನಿಮ್ಮ ಪುರವಣಿಯವರು ಬರೆದಂಗ ಬೌಂಟಿ ಹಂಟರ್ ಅಂದ್ರ ಸರ್ಕಾರದ ಇನಾಮಿನ ಬೆನ್ನು ಹತ್ತಿದಾಂವ ಅಂತ ಅಷ್ಟೇ ಅಲ್ಲ. ಅಮೆರಿಕಾದಾಗ ಇವತ್ತಿಗೂ ಈ ಕಸುಬು ಇರೋದು ಜಾಮೀನಿನ ಸಲುವಾಗಿ. ಅಲ್ಲಿ ಜಾಮೀನು ಅಂದ್ರ ಒಂದು ವ್ಯಾಪಾರ, ಆರೋಪಿ ಹತ್ರ ರೊಕ್ಕ ಇಲ್ಲಂದ್ರ ಬಾಂಡ್ ಕಂಪನಿಯವ ಸಾಮಾನ್ಯ ನೂರಕ್ಕ ಹತ್ತು ಫೀ ತಗೊಂಡು ಕೋರ್ಟಿಗೆ ಪೂರಾ ಮೊತ್ತದ ಗ್ಯಾರಂಟಿ ಕೊಡ್ತಾನ, ಆರೋಪಿ ತಾರೀಖಿಗೆ ಬರ್ಲಿಲ್ಲಂದ್ರ ಆ ಮೊತ್ತ ಕಂಪನಿಯವನ ತಲಿಗೆ ಬರ್ತದ, ಅದಕ್ಕ ಅಂವ ಹುಡುಕಿ ತರ್ಲಿಕ್ಕೆ ಮಂದೀನ್ನ ಇಡ್ತಾನ. 1872ರಾಗ ಅಲ್ಲಿಯ ಸುಪ್ರೀಂ ಕೋರ್ಟು ಟೇಲರ್ ವರ್ಸಸ್ ಟೇಂಟರ್ ಅನ್ನೋ ಕೇಸಿನಾಗ ಜಾಮೀನುದಾರ ಬ್ಯಾರೆ ರಾಜ್ಯಕ್ಕೂ ಬೆನ್ನಟ್ಟಿ ಹೋಗಬಹುದು, ಐತ್ವಾರನೂ ಹಿಡೀಬಹುದು, ಬೇಕಾದ್ರ ಮನಿ ಬಾಗಿಲಾ ಮುರದು ಒಳಗ ಹೋಗಬಹುದು ಅಂತ ಹೇಳ್ತು. ಪೊಲೀಸರಿಗೂ ಇಲ್ಲದ ಸಲಿಗಿ! ಕೆಂಟಕಿ, ವಿಸ್ಕಾನ್ಸಿನ್, ಆರೆಗಾನ್, ಇಲಿನಾಯ್ ಅಂಥ ರಾಜ್ಯಗಳು ಈ ವ್ಯಾಪಾರನೇ ಬಂದ್ ಮಾಡ್ಯಾವ.

ಡಾಗ್ ಅಂತ ಹೆಸರಾದ ಅಮೆರಿಕಾದ ಬೌಂಟಿ ಹಂಟರ್ ಡ್ವೇನ್ ಚಾಪ್ಮನ್‌ನ ಟಿವಿ ಶೋ ಬಗ್ಗೆ ನಿಮ್ಮವರು ಬರೆದಾರ, ಆದ್ರ ಅವನ ಮಜಾ ಬಿಟ್ಟಾರ. 2003ರಾಗ ಆಂಡ್ರೂ ಲಸ್ಟರ್ ಅನ್ನೋ ಶ್ರೀಮಂತ ಅತ್ಯಾಚಾರ ಕೇಸಿನಾಗ ಹತ್ತು ಲಕ್ಷ ಡಾಲರ್ ಜಾಮೀನು ಹಾರಿಸಿ ಮೆಕ್ಸಿಕೊಕ್ಕ ಓಡಿಹೋದ, ಈ ಡಾಗ್ ಅಲ್ಲಿ ಹೋಗಿ ಹಿಡ್ದ. ಮೆಕ್ಸಿಕೊದಾಗ ಖಾಸಗಿಯವ್ರು ಹಂಗ ಹಿಡಿಯೋದೇ ಅಪರಾಧ, ಅಲ್ಲಿ ಪೊಲೀಸ್ರು ಇವನ್ನೇ ಒಳಗ ಹಾಕಿದ್ರು. ಮುಂದ ಏನಾತು ಅಂತೀರಿ, ಜಾಮೀನು ಮ್ಯಾಲ ಹೊರಗ ಬಂದು ಇಂವನೂ ಅಲ್ಲಿಂದ ಅಮೆರಿಕಾಕ್ಕ ಪರಾರಿ! ಜಾಮೀನು ಹಾರಿಸಿದವರನ್ನ ಹಿಡಿಯಾಂವನೇ ಜಾಮೀನು ಹಾರಿಸಿದ. ಇದನ್ನ ಯಾವ ಸಿನಿಮಾದವ ಬರೆದಿದ್ರೂ ಮಂದಿ ನಂಬ್ತಿರ್ಲಿಲ್ಲ.

ನಮ್ಮ ಕಡಿ ಜಾಮೀನು ನಿಲ್ಲೋದು ವ್ಯಾಪಾರ ಅಲ್ಲ, ರೊಕ್ಕ ತಗೊಂಡು ನಿಲ್ಲಬಾರ್ದು ಅಂತ ಕಾಯ್ದಿ. ಪಹಣಿ, ಆಧಾರ್, ಎರಡು ಫೋಟೋ ತಗೊಂಡು ಯಾರೋ ಒಬ್ಬ ಸೋದರಮಾವ ಬರ್ತಾನ, ಆರೋಪಿ ನಿನಗ ಏನಾಗಬೇಕು ಅಂತ ಸಾಹೇಬ್ರು ಕೇಳಿದ್ರ ತಂಗಿ ಮಗ ರೀ ಅಂತಾನ, ಹೆಬ್ಬಟ್ಟು ಒತ್ತತಾನ. ಯಾದಗಿರಿ ಕಡಿ ಹಳ್ಳಿಯ ಒಬ್ಬ ಮುದುಕ ಹಿಂಗ ನಿಂತಿದ್ದ, ಹುಡುಗ ತಾರೀಖಿಗೆ ಬರೋದು ಬಿಟ್ಟ, ಬಾಂಡಿನ ರೊಕ್ಕ ಯಾಕ ವಸೂಲ್ ಮಾಡಬಾರ್ದು ಅಂತ ಮುದುಕಗ ನೋಟಿಸ್ ಬಂತು. ನನ್ನ ಅಂಗಡಿಗೆ ಬಂದು ಒಂದು ಮದುವಿ ಫೋಟೋ ಕೊಟ್ಟು ಇದರಾಗ ಇವನ ಮಾರಿ ಅಷ್ಟೇ ದೊಡ್ಡದು ಮಾಡಿ ತಗದು ಕೊಡು ತಮ್ಮಾ ಅಂದ, ತಗದು ಕೊಟ್ಟೆ, ಕೊಳ್ಳಾಗಿನ ಹಾರ ಅರ್ಧ ಹಂಗೇ ಉಳೀತು ಅದರಾಗ. ಆ ಜೆರಾಕ್ಸ್ ಹಿಡ್ಕೊಂಡು, ಕಟಿರೊಟ್ಟಿ ಶೇಂಗಾ ಹಿಂಡಿ ಕಟ್ಕೊಂಡು, ಹೈದರಾಬಾದಿಗೆ ಹೋಗಿ ಕೂಕಟ್‌ಪಲ್ಲಿ ಕಡಿ ಬಿಲ್ಡಿಂಗ್ ಕೆಲಸ ನಡದಲ್ಲೆಲ್ಲ ತಿರುಗ್ಯಾಡಿ, ಕಡೀಗೆ ಸೆಂಟ್ರಿಂಗ್ ಕೆಲಸಕ್ಕ ಹೋಗಿದ್ದ ಹುಡುಗನ್ನ ಕರ್ಕೊಂಡೇ ಬಂದ. ಬಾಗಿಲಾ ಮುರೀಲಿಲ್ಲ, ಬಂದೂಕೂ ಇಲ್ಲ, ದಾರಿ ಉದ್ದ ಬೈಕೋತ ಬಂದ ಅಂತ ಆ ಹುಡುಗನೇ ಹೇಳಿದ. ಇನಾಮು ಅಂತೂ ಯಾರೂ ಕೊಡ್ಲಿಲ್ಲ, ಬಸ್ ಚಾರ್ಜೂ ಮುದುಕನದೇ.

ಈಗ ಇತಿಹಾಸಕ್ಕ ಬರ್ರಿ. ಲಂಡನ್ನಿನಾಗ ಜೊನಾಥನ್ ವೈಲ್ಡ್ ಅಂತ ಒಬ್ಬ ಇದ್ದ, ಕಳ್ಳರನ್ನ ಹಿಡಿಯೋದ್ರಾಗ ತಾನೇ ಜನರಲ್ ಅಂತ ಹೇಳ್ಕೊತಿದ್ದ. ಆ ಕಾಲಕ್ಕ ದಾರಿದರೋಡೆ ಮಾಡಾಂವನ್ನ ಹಿಡ್ದು ಶಿಕ್ಷಾ ಕೊಡಿಸಿದವರಿಗೆ ಸರ್ಕಾರ 40 ಪೌಂಡ್ ಕೊಡ್ತಿತ್ತು. ವೈಲ್ಡ್ ಏನು ಮಾಡ್ತಿದ್ದ ಅಂದ್ರ ಕಳ್ಳರ ಗ್ಯಾಂಗ್ ತಾನೇ ನಡೆಸ್ತಿದ್ದ, ಕದ್ದ ಮಾಲು ಮಾಲಕರಿಗೆ ತಿರುಗಿ ಕೊಡ್ಸಿ ಅವರ ಕಡಿಂದ ರೊಕ್ಕ, ಮಾತು ಕೇಳಲಾರದ ಕಳ್ಳನ್ನ ಗಲ್ಲಿಗೆ ಹಾಕ್ಸಿ ಸರ್ಕಾರದ ಕಡಿಂದ 40 ಪೌಂಡು. 1725ರಾಗ ಅವನನ್ನೇ ಟೈಬರ್ನಿನಾಗ ಗಲ್ಲಿಗೆ ಹಾಕಿದ್ರು, ನೋಡ್ಲಿಕ್ಕೆ ಜಾತ್ರಿ ಕೂಡಿತ್ತಂತ. ‘ದ ಗುಡ್, ದ ಬ್ಯಾಡ್ ಆ್ಯಂಡ್ ದ ಅಗ್ಲಿ’ ಸಿನಿಮಾದಾಗ ಈಸ್ಟ್‌ವುಡ್ ತನ್ನ ಪಾರ್ಟ್ನರ್‌ನ್ನ ತಾನೇ ಒಪ್ಪಿಸಿ ಇನಾಮು ತಗೊಂಡು, ನೇಣಿನ ಹಗ್ಗಕ್ಕ ಗುಂಡು ಹೊಡ್ದು ಬಿಡಿಸ್ಕೊಂಡು, ಮುಂದಿನ ಊರಾಗ ಮತ್ತ ಒಪ್ಪಿಸೋದು ನೋಡಿ ನಗ್ತೀವಲ್ಲ, ವೈಲ್ಡ್ ಅದನ್ನ ಎರಡು ನೂರು ವರ್ಷ ಮೊದ್ಲೇ ಮಾಡಿದ್ದ, ಫರಕ್ ಇಷ್ಟೇ, ಅಂವ ಹಗ್ಗ ಹರೀತಿರ್ಲಿಲ್ಲ.

ಜೆಸ್ಸಿ ಜೇಮ್ಸ್ ಅನ್ನೋ ದರೋಡೆಕೋರನ್ನ ಕೊಂದಾಂವ ಯಾರು? ಅವನ ಮನ್ಯಾಗೇ ಇದ್ದು ಅವನ ಜೋಡೀನೇ ಉಣ್ಣತಿದ್ದ ರಾಬರ್ಟ್ ಫೋರ್ಡ್. 1882ರ ಏಪ್ರಿಲ್ 3ಕ್ಕ ಜೆಸ್ಸಿ ಬಂದೂಕು ಬಿಚ್ಚಿಟ್ಟು ಗ್ವಾಡಿ ಮ್ಯಾಲಿನ ಪಟ ಸರಿ ಮಾಡ್ಲಿಕ್ಕೆ ಕುರ್ಚಿ ಹತ್ತಿದಾಗ ಹಿಂದಿಂದ ಹೊಡ್ದ. ಫೋರ್ಡ್ ಅಣ್ಣತಮ್ಮರಿಗೆ ಗಲ್ಲು ಶಿಕ್ಷಾನೂ ಆತು, ಅವತ್ತೇ ಗವರ್ನರ್ ಮಾಫಿನೂ ಆತು, ಹೇಳಿದ ಇನಾಮಿನಾಗ ಒಂದು ತುಣುಕು ಮಾತ್ರ ಕೈಗೆ ಬಂತು. ಆಮ್ಯಾಲ ನಾಟಕದ ಸ್ಟೇಜ್ ಹತ್ತಿ ತಾನು ಹೆಂಗ ಕೊಂದೆ ಅಂತ ಆಡಿ ತೋರಿಸ್ಕೋತ ಹೊಟ್ಟಿ ಹೊರ್ಕೊಂಡ, 1892ರಾಗ ಇನ್ನೊಬ್ಬ ಬಂದು ಅಂವನನ್ನ ಹೊಡ್ದ.

ಇದು ನಮಗೇನು ಹೊಸದಲ್ಲ. ಶರಣಬಸವೇಶ್ವರ ಜಾತ್ರಿಯಾಗ ಕಂಪನಿ ನಾಟಕದ ಟೆಂಟಿನಾಗ ಕುಂತವರಿಗೆ ಗೊತ್ತದ, ವೀರ ಸಿಂಧೂರ ಲಕ್ಷ್ಮಣನ್ನ ಪೊಲೀಸ್ರು ಗುಡ್ಡದಾಗ ಬೆನ್ನಟ್ಟಿ ಹಿಡೀಲಿಲ್ಲ, ನಂಬಿದವರೇ ಊಟಕ್ಕ ಕರದು ಮೋಸ ಮಾಡ್ತಾರ. ಆ ಸೀನ್ ಬಂತಂದ್ರ ಮುಂದ ಕುಂತ ಹೆಣ್ಮಕ್ಕಳು ಆ ಪಾತ್ರದವಗ ಬಾಯಿಗೆ ಬಂದಂಗ ಬೈತಾರ, ಪಾಪ ಅಂವ ಪಗಾರಕ್ಕ ಪಾರ್ಟ್ ಮಾಡಾಂವ. ಸಂಗೊಳ್ಳಿ ರಾಯಣ್ಣನ ಲಾವಣಿಯಾಗೂ ಅಷ್ಟೇ, ಹಳ್ಳದಾಗ ಜಳಕ ಮಾಡೋ ಮುಂದ ಹಿಡ್ಕೊಟ್ಟವರು ಜೊತಿಗಿದ್ದವರು. 1831ರ ಜನವರಿ 26ಕ್ಕ ನಂದಗಡದಾಗ ಗಲ್ಲಿಗೇರಿಸಿದ್ರು. ನಮ್ಮ ಜನಪದದವರು ಹಿಡ್ಕೊಟ್ಟವನ್ನ ಹೀರೋ ಮಾಡಿದ್ದು ನನಗ ಎಲ್ಲೂ ಸಿಕ್ಕಿಲ್ಲ.

ನಿಮ್ಮ ಪುರವಣಿಯಾಗ ಸುರಪುರದ ಹೆಸರು ಬರ್ಲೇಬೇಕಿತ್ತು, ಇದು ನಮ್ಮೂರಿನ ಅಭಿಮಾನ ಅಂತ ತಿಳ್ಕೊಂಡ್ರೂ ಅಡ್ಡಿಲ್ಲ. ನಿಜಾಮನ ನೌಕರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ 1839ರಾಗ ಬರೆದ ‘ಕನ್ಫೆಶನ್ಸ್ ಆಫ್ ಎ ಥಗ್’ ಅಂದ್ರ ಈ ಜಾತಿ ಕಾದಂಬರಿಗಳ ಅಜ್ಜ. ಎರಡು ವರ್ಷ ಬಿಟ್ಟು 1841ರಾಗ ಅಂವ ಸುರಪುರಕ್ಕ ಬಂದ, ಸಣ್ಣ ವಯಸ್ಸಿನ ರಾಜಾ ವೆಂಕಟಪ್ಪ ನಾಯಕರ ಪರವಾಗಿ ಸಂಸ್ಥಾನದ ಕಾರಭಾರ ನೋಡ್ಕೊಂಡ, ಟೇಲರ್ ಮಂಜಿಲ್ ಗುಡ್ಡದ ಮ್ಯಾಲ ಇವತ್ತಿಗೂ ಅದ, ಹೋಗಿ ನೋಡ್ಕೊಂಡು ಬರ್ರಿ. ಆ ಕಾದಂಬರಿಯ ಠಗ್ಗ (ದಾರಿಹೋಕರ ಕುತ್ತಿಗಿ ಬಿಗದು ದೋಚೋ ಗುಂಪಿನವ) ಅಮೀರ್ ಅಲಿ ಏಳುನೂರಕ್ಕೂ ಜಾಸ್ತಿ ಮಂದಿ ಕುತ್ತಿಗಿಗೆ ರುಮಾಲು ಹಾಕಿದಾಂವ, ಸಿಕ್ಕಬಿದ್ದ ಮ್ಯಾಲ ಮಾಫಿ ಸಾಕ್ಷಿ ಆಗಿ ತನ್ನ ಜೋಡಿದಾರರ ಹೆಸರೆಲ್ಲ ಸಾಹೇಬನ ಮುಂದ ಹೇಳ್ಕೋತ ಕುಂತಾನ. ಇಂಗ್ಲಿಷ್ ಅಧಿಕಾರಿ ಸ್ಲೀಮನ್ ಸಾಹೇಬ ಠಗ್ಗರನ್ನ ಮುಗಿಸಿದ್ದೂ ಹಿಂಗೇ ರೀ, ಒಬ್ಬನ್ನ ಹಿಡಿಯೋದು, ಗಲ್ಲು ತಪ್ಪಿಸ್ತೀನಿ ಅನ್ನೋದು, ಅಂವ ಹೆಣ ಹೂತ ಜಾಗ ತೋರಿಸೋದು, ನಾಕು ಹೆಸರು ಹೇಳೋದು, ಆ ನಾಕು ಮಂದಿ ಮತ್ತ ನಾಕು ನಾಕು. ಇಲ್ಲಿ ಇನಾಮು ಅಂದ್ರ ರೊಕ್ಕ ಅಲ್ಲ, ತನ್ನದೇ ಜೀವ. ಹಂಗಿದ್ದಾಗ ಹೇಳಿದ ಹೆಸರಾಗ ಖರೆ ಎಷ್ಟು, ಸಾಹೇಬಗ ಬೇಕಾಗ್ಯದ ಅಂತ ಹೇಳಿದ್ದು ಎಷ್ಟು? ಇತಿಹಾಸದವರು ಇವತ್ತಿಗೂ ಇದನ್ನೇ ಜಗಳಾಡ್ತಾರ. 1836ರ ಕಾಯ್ದಿ ಪ್ರಕಾರ ಠಗ್ಗರ ಗುಂಪಿಗೆ ಸೇರ್ಯಾನ ಅಂತ ಸಾಬೀತಾದ್ರ ಸಾಕು, ಕೊಲಿ ಮಾಡಿದ್ದು ತೋರಿಸಬೇಕಾಗಿರ್ಲಿಲ್ಲ, ಜನ್ಮಪೂರ್ತಿ ಜೇಲು.

ಅದೇ ಟೇಲರ್‌ನ್ನ ಅಪ್ಪಾ ಅಂತ ಕರೀತಿದ್ದ ವೆಂಕಟಪ್ಪ ನಾಯಕರು 1858ರ ಫೆಬ್ರುವರಿಯಾಗ ಇಂಗ್ಲಿಷರ ಮ್ಯಾಲ ತಿರುಗಿಬಿದ್ರು, ಆಮ್ಯಾಲ ಆಸರ ಸಿಗ್ತದ ಅಂತ ಹೈದರಾಬಾದಿಗೆ ಹೋದ್ರ ಅಲ್ಲೇ ಸಿಕ್ಕಬಿದ್ರು, ನಿಜಾಮನ ದಿವಾನ ಸಾಲಾರ್ ಜಂಗ್ ಇಂಗ್ಲಿಷರ ಕೈಗೆ ಒಪ್ಪಿಸಿಬಿಟ್ಟ.

ಇನ್ನೂ ಹೊಲಸು ಲೆಕ್ಕ ಒಂದದ. ಅಮೆರಿಕಾದಾಗ 1850ರ ಕಾಯ್ದಿ ಪ್ರಕಾರ ಓಡಿಹೋದ ಗುಲಾಮ ಅಂತ ಹಿಡ್ದು ತಂದವನ ಕೇಸ್ ಕೇಳೋ ಅಧಿಕಾರಿಗೆ, ಮಾಲಕಗ ಒಪ್ಪಿಸಿದ್ರ 10 ಡಾಲರ್, ಬಿಟ್ರ 5 ಡಾಲರ್. ನ್ಯಾಯ ಹೇಳಾಂವಗೇ ಕಮಿಷನ್! 2001ರ ನಂತರ ಅಫ್ಘಾನಿಸ್ತಾನದಾಗ ವಿಮಾನದಿಂದ ಚೀಟಿ ಉದುರಿಸಿದ್ರು, ಉಗ್ರರನ್ನ ಹಿಡ್ಕೊಟ್ರ ಊರಿಗೇ ಸಾಕಾಗೋವಷ್ಟು ರೊಕ್ಕ ಅಂತ. ಪಾಕಿಸ್ತಾನದ ಮುಷರಫ್ 2006ರ ತಮ್ಮ ಆತ್ಮಕಥೆಯಾಗ 369 ಮಂದೀನ್ನ ಅಮೆರಿಕಾಕ್ಕ ಒಪ್ಪಿಸಿ ಲಕ್ಷಗಟ್ಟಲೆ ಡಾಲರ್ ಇನಾಮು ಗಳಿಸೀವಿ ಅಂತ ತಾವೇ ಬರ್ಕೊಂಡಾರ. ಹಂಗ ಅಮೆರಿಕಾದ ಗ್ವಾಂಟನಾಮೊ ಜೇಲಿಗೆ ಹೋಗಿ ವರ್ಷಾನುಗಟ್ಟಲೆ ಕುಂತು, ಒಂದೂ ಕೇಸ್ ಇಲ್ದೆ ಹೊರಗ ಬಂದವರು ಎಷ್ಟೋ ಮಂದಿ.

ವೀರಪ್ಪನ್ ಮಾತು ಬಿಟ್ರ ಕನ್ನಡದವರ ಪತ್ರ ಪೂರಾ ಆಗಂಗಿಲ್ಲ. ರಾಜಕುಮಾರ್ ಅವ್ರನ್ನ 2000ದ ಜುಲೈ 30ಕ್ಕ ಗಾಜನೂರಿನಿಂದ ಒಯ್ದು 108 ದಿನ ಇಟ್ಕೊಂಡಾಂವ, ತಲಿ ಮ್ಯಾಲ ಕೋಟಿಗಟ್ಟಲೆ ಇನಾಮು. ಅಷ್ಟು ವರ್ಷದಾಗ ಇನಾಮಿನ ಆಸೆಕ್ಕ ಕಾಡಿಗೆ ಹೊಕ್ಕು ಹಿಡ್ಕೊಂಡು ಬಂದ ಒಬ್ಬ ಹಂಟರ್ ಇದ್ದಾನೇನು? 2004ರ ಅಕ್ಟೋಬರ್ 18ರ ರಾತ್ರಿ ಕಣ್ಣಿನ ಇಲಾಜಿಗೆ ಅಂತ ಅಂವನನ್ನ ಆಂಬುಲೆನ್ಸ್‌ನಾಗ ಕೂಡಿಸ್ಕೊಂಡು ಹೊರಗ ತಂದವರು ಪೊಲೀಸಿನವರೇ, ಧರ್ಮಪುರಿ ಜಿಲ್ಲಾ ಪಾಪಾರಪಟ್ಟಿ ಹತ್ರ ಮುಗಿಸಿದ್ರು. ತಮಿಳುನಾಡು ಸರ್ಕಾರ ಅವನ ಸಲುವಾಗೇ ಇದ್ದ ಪೊಲೀಸ್ ಪಡೆ ಎಸ್‌ಟಿಎಫ್‌ನವರಿಗೆ ತಲಾ 3 ಲಕ್ಷ, ಸೈಟು, ಪ್ರಮೋಷನ್ ಕೊಡ್ತು. ಆದ್ರ ಅಂವನನ್ನ ಹುಡುಕೋ ಹೆಸರಿನಾಗ ಕಾಡಿನ ಹಳ್ಳಿಯವ್ರು ಪೊಲೀಸರಿಂದ ಏನು ಅನುಭವಿಸಿದ್ರು ಅಂತ ಸದಾಶಿವ ಸಮಿತಿ ವಿಚಾರಣಿ ಮಾಡ್ತು, ಮಾನವ ಹಕ್ಕು ಆಯೋಗ 89 ಮಂದೀಗೆ 2.80 ಕೋಟಿ ಪರಿಹಾರ ಕೊಡಬೇಕು ಅಂತು. ವೀರಪ್ಪನ್ ಮ್ಯಾಲ ಎಷ್ಟೊಂದು ಸಿನಿಮಾ ಬಂದಾವ, ಆ 89 ಮಂದಿ ಕಥಿ ಹೀರೋ ಇಲ್ಲದ ಕಥಿ, ಯಾರು ತಗೀತಾರ?

ಈಗ ನಿಮ್ಮ ಒಳಪುಟಕ್ಕ ಬರ್ತೀನಿ. ಪೊಲೀಸ್ರು ಸುಳಿವು ಕೊಟ್ಟವರಿಗೆ ಬಹುಮಾನ ಅಂತ ಪ್ರಕಟಣೆ ಕೊಟ್ರ ಹಾಕ್ರಿ, ಅದು ಬ್ಯಾರೆ ಮಾತು, ಅದಕ್ಕೊಂದು ಫೈಲು, ಸಹಿ, ಜವಾಬ್ದಾರಿ ಅಂತ ಇರ್ತದ. ಘೋಷಿತ ಅಪರಾಧಿನ್ನ ಸಾಮಾನ್ಯ ಮನುಷ್ಯಾನೂ ಹಿಡೀಬಹುದು ಅಂತ ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್ ಹೇಳ್ತದ, ಆದ್ರ ಆರು ತಾಸಿನೊಳಗ ಪೊಲೀಸರಿಗೆ ಒಪ್ಪಿಸಬೇಕು, ಅಷ್ಟೇ ಅವನ ಅಧಿಕಾರ. ಹೆಣ ಆದ್ರೂ ನಡೀತದ ಅನ್ನೋ ಕಾಗದ ನಮ್ಮ ದೇಶದಾಗ ಯಾವ ಖಾಸಗಿ ಮನುಷ್ಯಾಗೂ ಯಾರೂ ಬರ್ದು ಕೊಡಂಗಿಲ್ಲ. ಹಿಂಗಿರೋ ಮುಂದ ಮೈಕ್ ಮುಂದ ನಿಂತು ತಲಿಗೆ ಇಷ್ಟು, ನಾಲಿಗಿಗೆ ಇಷ್ಟು ಅನ್ನಾಂವ ಮಾಡೋದು ಕೊಲಿಗೆ ಕುಮ್ಮಕ್ಕು, ಅದು ಹೇಳಿಕೆ ಅಲ್ಲ. 2017ರ ಪದ್ಮಾವತ್ ಗದ್ದಲದಾಗ ನಟಿ, ಡೈರೆಕ್ಟರ್ ಇಬ್ಬರ ತಲಿಗೆ ಒಬ್ಬ 10 ಕೋಟಿ ಅಂದ, ಎಲ್ಲಾ ಪೇಪರ್‌ದಾಗ 10 ಕೋಟಿನೇ ಹೆಡ್ಡಿಂಗು. ಲೇಖಕ ಸಲ್ಮಾನ್ ರಶ್ದಿ ಮ್ಯಾಲ 1989ರಾಗ ಕೊಲ್ರಿ ಅಂತ ಫತ್ವಾ ಬಂತು, ಹಿಂದೇ ಇನಾಮೂ ಬಂತು, ಮಂದಿ ಮರ್ತೇಬಿಟ್ಟಿದ್ರು, 2022ರ ಆಗಸ್ಟ್‌ನಾಗ ಚಾಕು ಹಾಕಿದ ಹುಡುಗ ಫತ್ವಾ ಬಂದಾಗ ಹುಟ್ಟಿರಲೇ ಇಲ್ಲ. ಇಂಥ ಮಾತಿಗೆ ಎಕ್ಸ್‌ಪೈರಿ ಡೇಟ್ ಇರಂಗಿಲ್ಲ ರೀ ಸಾಹೇಬ್ರ.

ರೊಕ್ಕ ಕೊಡ್ತೀನಿ ಅಂದಾಂವ ಕೊಡಾಂವ ಅಲ್ಲ, ಅದು ಅವಗೂ ಗೊತ್ತು ನಿಮಗೂ ಗೊತ್ತು. ಆದ್ರ ನಮ್ಮ ಅಂಗಡಿ ಮುಂದ ತಾರೀಖಿಗೆ ಬಂದು ಚಾ ಕುಡ್ಕೋತ ನಿಂತ ಹುಡುಗರು ನಿಮ್ಮ ಪೇಪರ್ ಹಿಡ್ಕೊಂಡು ಇದನ್ನ ಚ್ಯಾಷ್ಟಿ ಮಾಡ್ಕೋತ ಓದ್ತಾರ, ಲೇ ಐದು ಲಕ್ಷ ಅಂತಲೇ, ನಿನ್ನ ಸಾಲ ತೀರ್ತದ ನೋಡು ಅಂತ. ನೂರು ಮಂದಿ ನಗ್ತಾರ ಖರೆ, ನಗಲಾರದಾಂವ ಒಬ್ಬ ಇದ್ರ?

ಅದಕ್ಕ ನನ್ನ ವಿನಂತಿ ಇಷ್ಟೇ. ಇಂಥ ಸುದ್ದಿ ಹಾಕಬ್ಯಾಡ್ರಿ ಅಂತ ನಾನು ಹೇಳಂಗಿಲ್ಲ, ಯಾರು ಅಂದ್ರು ಅಂತ ಹಾಕ್ರಿ, ಮೊತ್ತ ಹಾಕಬ್ಯಾಡ್ರಿ, ಹೆಡ್ಡಿಂಗಿನಾಗ ಅಂತೂ ಬ್ಯಾಡೇ ಬ್ಯಾಡ. ಅದರ ಬದ್ಲು ಅವನ ಮ್ಯಾಲ ಎಫ್‌ಐಆರ್ ಆತೋ ಇಲ್ಲೋ, ಯಾವ ಠಾಣಾದಾಗ ಆತು, ಚಾರ್ಜ್‌ಶೀಟ್ ಯಾವಾಗ ಅಂತ ಆರು ತಿಂಗಳಿಗೊಮ್ಮೆ ಫಾಲೋಅಪ್ ಹಾಕ್ರಿ. ನಿಮ್ಮ ಕಲಬುರಗಿ ವರದಿಗಾರರಿಗೆ ಕೋರ್ಟ್ ಕಡಿ ಏನರ ಕಾಗದ ಪತ್ರ ಹುಡುಕೋದಿದ್ರ ಅಂಗಡಿಗೆ ಕಳಸ್ರಿ, ಜೆರಾಕ್ಸ್ ರೊಕ್ಕ ತಗೊಳ್ಳಂಗಿಲ್ಲ.

ನಿಮ್ಮ ಓದುಗ,
ಟೈಪಿಂಗ್ ಅಂಗಡಿಯಾಂವ, ಕಲಬುರಗಿ